ಮನೆ ಹೇರಿಕೊಂಡು ಹೊರಟ ಟ್ರ್ಯಾಕ್ಟರ್

2001ರ ಏಪ್ರಿಲ್ ತಿಂಗಳು. ಯುಗಾದಿ ಮುಗಿದು ಎರಡು ವಾರವಾಗಿತ್ತು. ಬೀಳಗಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಣ್ಣನ ಟ್ರ್ಯಾಕ್ಟರ್ ಹಾವೇರಿಯ ಆಚೆಗೆ ಹೊರಡಬೇಕಿತ್ತು. ದೂರ ಸುಮಾರು 200 ಕಿಲೋಮೀಟರ್. ಬಸ್ಸಿಗೆ ಅದು ಐದಾರು ತಾಸಿನ ದಾರಿ, ಟ್ರ್ಯಾಕ್ಟರಿಗೆ ಎರಡು ದಿನ. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಒಂದು ವಾರ ರಜೆ ಹಾಕಿ ಬಂದಿದ್ದೆ.

ಹೊರಟದ್ದು ಯಾಕೆಂದು ಮೊದಲು ಹೇಳುತ್ತೇನೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ನಾನು ಹೈಸ್ಕೂಲು ಹುಡುಗ. ‘ಊರು ಮುಳುಗತೈತಂತ’ ಎಂಬ ಮಾತು ಅಂದಿನಿಂದಲೂ ಕಟ್ಟೆಯ ಮೇಲೆ ಇತ್ತು. ಮುಳುಗುವ ಊರೆಂದು ಯಾರೂ ಹೊಸ ಮನೆ ಕಟ್ಟಲಿಲ್ಲ. ಆದರೂ ಮದುವೆಗಳಾದವು, ಮಕ್ಕಳು ಹುಟ್ಟಿದರು, ವರ್ಷಗಳು ಸರಿದವು. ನಮ್ಮದು ಘಟಪ್ರಭಾ ದಂಡೆಯ ಊರು. ಈ ಹೊಳೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟಿನಿಂದ ಕೃಷ್ಣೆ ನಿಂತರೆ ಘಟಪ್ರಭೆಯೂ ಹಿಂದಕ್ಕೆ ಒತ್ತಿ ಹೊಲಗಳ ಮೇಲೆ ಹರಡಿಕೊಳ್ಳುತ್ತದೆ. 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆಂದು ಗೊತ್ತಾದ ಮೇಲೆ ಅನುಮಾನವೇ ಉಳಿಯಲಿಲ್ಲ. ಊರಿನ ಹೆಸರು ಪುನರ್ವಸತಿ ಕೇಂದ್ರಕ್ಕೆ ಹೋಯಿತು. ಅಲ್ಲಿ ಮನೆಗೆ ಜಾಗ ಸಿಕ್ಕೀತು, ಉಳಲು ಹೊಲ ಬೇಕಲ್ಲ? ಅಣ್ಣ ಪರಿಹಾರದ ಹಣದಲ್ಲಿ ಮೊದಲು ಟ್ರ್ಯಾಕ್ಟರಿನ ಸಾಲ ತೀರಿಸಿದ. ಉಳಿದದ್ದರಲ್ಲಿ ಹಾವೇರಿಯ ಆಚೆ ಎಂಟು ಎಕರೆ ಹಿಡಿದ.

ಸಾಲ ಮೊದಲು ತೀರಿಸು ಎಂದು ಹೇಳಿದವನು ನಾನೇ. ಸಾಲ ಮುಗಿಯುವವರೆಗೆ ಟ್ರ್ಯಾಕ್ಟರ್ ಬ್ಯಾಂಕಿಗೆ ಅಡವಾಗಿರುತ್ತದೆ. ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಬ್ಯಾಂಕಿಗೆ ತಿಳಿಸದೆ ಊರು ಬಿಟ್ಟು ಒಯ್ದರೆ ಮುಂದೆ ತೊಂದರೆ. ಬಾಕಿ ಇಲ್ಲವೆಂಬ ಪತ್ರ, ನೋಂದಣಿ ಪುಸ್ತಕ, ವಿಮೆ, ಅಣ್ಣನ ಲೈಸೆನ್ಸ್, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ನನ್ನ ಹೆಗಲಿಗೇ ತೂಗುಹಾಕಿಕೊಂಡೆ.

ಟ್ರ್ಯಾಕ್ಟರನ್ನೇ ಲಾರಿಗೆ ಹೇರಬಹುದಿತ್ತು. ಆದರೆ ಏರಿಸಲು ಒಂದು ದಿಬ್ಬ ಬೇಕು, ಇಳಿಸಲು ಇನ್ನೊಂದು ಬೇಕು. ಅದಕ್ಕೆ ಬೇರೆಯೇ ಲಾರಿ, ಬೇರೆಯೇ ಬಾಡಿಗೆ. ಹೀಗಾಗಿ ಒಂದು ಲಾರಿಯಲ್ಲಿ ಮನೆಯ ಸಾಮಾನು, ಅವ್ವ, ಅತ್ತಿಗೆ, ಆಕಳು ಹೋಗುವುದೆಂದಾಯಿತು. ಟ್ರೇಲರಿನಲ್ಲಿ ಹೊಲದ ಸಾಮಾನು. ಅಣ್ಣ ಟ್ರ್ಯಾಕ್ಟರ್ ನಡೆಸುವುದು. ನಾನು, ಅಣ್ಣನ ಹನ್ನೆರಡು ವರ್ಷದ ಮಗ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ.

ಬ್ಯಾಂಕಿನವನ ಅಭ್ಯಾಸ ನೋಡಿ, ನಾನೊಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಎಡಕ್ಕೆ ‘ಒಯ್ಯುವುದು’, ಬಲಕ್ಕೆ ‘ಬಿಡುವುದು’. ಎಡಕ್ಕೆ ಒಂಬತ್ತು ಹಲ್ಲಿನ ಕಲ್ಟಿವೇಟರ್, ಕೂರಿಗೆ, ಕುಂಟಿ, ಪಂಪ್‌ಸೆಟ್, ಪೈಪು, ಬೀಸುಕಲ್ಲು, ಒಳ್ಳು, ಬಾಗಿಲ ಚೌಕಟ್ಟು, ಆರು ತೊಲೆ. ಹೌದು, ಮನೆಯ ತೊಲೆ, ಬಾಗಿಲನ್ನೂ ಬಿಚ್ಚಿದೆವು. ಹೇಗೂ ನೀರಿನ ಪಾಲಾಗುವ ಸಾಗವಾನಿ. ಬಲಕ್ಕೆ ಮುರಿದ ಬಂಡಿಯ ಗಾಲಿ, ಹಳೆಯ ನೊಗ, ತುಕ್ಕು ಹಿಡಿದ ಒಂದು ದಪ್ಪ ಸರಪಳಿ.

ಆ ಸರಪಳಿಯ ಹತ್ತಿರ ಅವ್ವ ನಿಂತುಬಿಟ್ಟಳು. ನಮ್ಮದು ಎರೆಭೂಮಿ. ಟ್ರ್ಯಾಕ್ಟರ್ ಬರುವ ಮೊದಲು ಅಲ್ಲಿ ಆಳವಾಗಿ ರಂಟೆ ಹೊಡೆಯಬೇಕಾದರೆ ಒಂದು ಜೋಡಿ ಎತ್ತಿನಿಂದ ಆಗುತ್ತಿರಲಿಲ್ಲ. ನಾಲ್ಕು ಜೋಡಿ ಹೂಡಿ ಎಳೆಸುತ್ತಿದ್ದರು. ಆಗ ರಂಟೆಗೂ ನೊಗಕ್ಕೂ ನಡುವೆ ಕಟ್ಟುತ್ತಿದ್ದ ಸರಪಳಿ ಅದು.

“ಇದನ್ನ ಯಾಕ ಬಿಡ್ತೀಯಪಾ?” ಅಂದಳು.

“ಎತ್ತೇ ಇಲ್ಲವ್ವಾ, ಸರಪಳಿ ತಗೊಂಡು ಏನ್ ಮಾಡೋದು?” ಅಂದೆ.

“ಎತ್ತು ಮಾರೀರಿ. ಇದನ್ನರ ಇರಲಿ.”

ಅಣ್ಣ ನನ್ನ ಮುಖ ನೋಡಿದ. ಸುಮ್ಮನೆ ಸರಪಳಿ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಕೊಕ್ಕೆಗೂ ಟ್ರೇಲರಿನ ಮೂತಿಗೂ ಎರಡು ಸುತ್ತು ಹಾಕಿ ಬಿಗಿದ. ಹೇರಲು ಜಾಗವಿರಲಿಲ್ಲ, ಅವಳ ಮಾತೂ ಉಳಿಯಲಿ ಅಂತ. ನಾನು ಬಲದ ಕಾಲಂನಲ್ಲಿ ಅದನ್ನು ಹೊಡೆದುಹಾಕಿದೆ, ಎಡಕ್ಕೆ ಬರೆಯಲಿಲ್ಲ.

ಯಾವ ಕಾಲಂನಲ್ಲೂ ಹಿಡಿಯದ ಒಂದು ವಸ್ತು ಇತ್ತು. ಅದು ಹಗೇವು. ಮಕ್ಕಳು ನೋಡಿರಲಾರರು. ನೆಲದೊಳಗೆ ತೋಡಿದ ದೊಡ್ಡ ಕುಣಿ. ಜೋಳದ ಕಣಿಕೆ ಹಾಸಿ, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅಜ್ಜನ ಕಾಲದ ಆ ಹಗೇವನ್ನು ಹೇರಲು ಯಾವ ಲಾರಿಗೆ ಸಾಧ್ಯ? ಅವ್ವ ಅದರ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ ಲಾರಿ ಹತ್ತಿದಳು. ತಿರುಗಿ ನೋಡಲಿಲ್ಲ.

ನಸುಕಿನ ನಾಲ್ಕಕ್ಕೆ ಹೊರಟೆವು. ಭಾರದ ಸಾಮಾನೆಲ್ಲ ಟ್ರೇಲರಿನ ತಳದಲ್ಲಿ, ಎಡಬಲ ಸಮನಾಗಿ, ಹಗುರಾದದ್ದು ಮೇಲೆ. ಭಾರ ಮೇಲಿದ್ದರೆ ತಿರುವಿನಲ್ಲಿ ಪಲ್ಟಿ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದಲ್ಲಿ ಚಕ್ಕನೆ ತಿರುಗಿಸಲು ಅದು ಬೇಕು. ಡಾಂಬರು ರಸ್ತೆಯಲ್ಲಿ ಎರಡನ್ನೂ ಕೂಡಿಸಿ ಲಾಕ್ ಹಾಕಲೇಬೇಕು. ಇಲ್ಲವಾದರೆ ಒಂದೇ ಗಾಲಿ ಹಿಡಿದು ಗಾಡಿ ಅಡ್ಡ ತಿರುಗುತ್ತದೆ. ಟ್ರೇಲರಿನ ಹಿಂದೆ ಅತ್ತಿಗೆಯ ಕೆಂಪು ರವಿಕೆ ಬಟ್ಟೆ ಕಟ್ಟಿದ್ದೆವು. ವೇಗ ತಾಸಿಗೆ ಹದಿನೈದು ಹದಿನೆಂಟು ಕಿಲೋಮೀಟರ್.

ಅನಗವಾಡಿ ಸೇತುವೆಯಲ್ಲಿ ಘಟಪ್ರಭೆ ದಾಟುವಾಗ ಇನ್ನೂ ಕತ್ತಲೆ. ಗದ್ದನಕೇರಿ ಕ್ರಾಸಿನಲ್ಲಿ ಮೊದಲ ಚಹಾ. ಕೆರೂರಿನಲ್ಲಿ ಮರದ ನೆರಳಿಗೆ ನಿಂತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಪ್ರತಿ ನಿಲುಗಡೆಯಲ್ಲೂ ಅಣ್ಣ ಟೈರು ಮುಟ್ಟಿ ಬಿಸಿ ನೋಡುತ್ತಿದ್ದ, ಹಗ್ಗ ಬಿಗಿಯುತ್ತಿದ್ದ, ರೇಡಿಯೇಟರಿನ ನೀರು ನೋಡುತ್ತಿದ್ದ. ಕುಳಗೇರಿ ಕ್ರಾಸ್ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಕೊಣ್ಣೂರಿನ ಹತ್ತಿರ ಮಲಪ್ರಭೆ ದಾಟಿ ಏರು ಹತ್ತುತ್ತಿದ್ದೆವು. ರಸ್ತೆಯಲ್ಲಿ ಒಂದು ತಗ್ಗು. ಟ್ರ್ಯಾಕ್ಟರ್ ಜಗ್ಗಿತು, ‘ಠಣ್’ ಎಂಬ ಸದ್ದು. ಟ್ರೇಲರ್ ಒಂದು ಕ್ಷಣ ನಿಂತು, ಹಿಂದಕ್ಕೆ, ನಮ್ಮ ಕಡೆಗೆ ಸರಿಯಿತು. ನಾವು ಹತ್ತು ಮಾರು ಹಿಂದೆ ಇದ್ದೆವು ಅಷ್ಟೆ. ಮುಂದೆ ಇನ್ನೊಂದು ಜಗ್ಗು. ಟ್ರೇಲರ್ ನಿಂತಿತು.

ಹುಡುಗ ನನಗಿಂತ ಚುರುಕು. ನಾನು ಗಾಡಿಯ ಸ್ಟ್ಯಾಂಡ್ ಹಾಕುವ ಮೊದಲೇ ಜಿಗಿದು ಹೋಗಿ ಗಾಲಿಯ ಹಿಂದೆ ಕಲ್ಲು ಇಟ್ಟಿದ್ದ. ಮುಂದೆ ಹೋಗಿ ನೋಡಿದರೆ ಕೊಂಡಿಯ ಮೊಳೆ ಇಲ್ಲ. ಅದರ ಕ್ಲಿಪ್ಪು ಹಿಂದೆಯೇ ಕಳೆದಿತ್ತು, ಬದಲಿಗೆ ತಂತಿ ಸುತ್ತಿದ್ದರು. ಐದು ರೂಪಾಯಿಯ ಕ್ಲಿಪ್ಪು. ತಂತಿ ಸವೆದು ಮೊಳೆ ಹಾರಿತ್ತು. ಅಷ್ಟೂ ಭಾರವನ್ನು ಹಿಡಿದು ನಿಂತದ್ದು ಅವ್ವನ ಸರಪಳಿ.

ಅಣ್ಣ ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ. ಬ್ರೇಕ್ ಒತ್ತಿಹಿಡಿದ ಕಾಲು ನಡುಗುತ್ತಿತ್ತು. “ಹುಡುಗ ಎಲ್ಲದಾನ?” ಎಂದು ಮಾತ್ರ ಕೇಳಿದ. “ಇಲ್ಲೇ ಅದಾನ” ಅಂದೆ. ಆ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊಣ್ಣೂರಿನ ಗ್ಯಾರೇಜೊಂದರಲ್ಲಿ ಹೊಸ ಮೊಳೆ, ಎರಡು ಕ್ಲಿಪ್ಪು ಕೊಂಡೆವು. ಒಂದು ಹಾಕಲು, ಒಂದು ಜೇಬಿಗೆ.

ನರಗುಂದದ ಗುಡ್ಡ ದೂರದಿಂದಲೇ ಕಂಡಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದು ನಿಂತದ್ದನ್ನು ಅಣ್ಣ ಮಗನಿಗೆ ಹೇಳಿದ. “ಅವರಿಗೆ ನೀರು ಬರಲಿಲ್ಲ ಅಂತ ಸಿಟ್ಟು. ನಮಗೆ ಬಂತಂತ ದುಃಖ” ಅಂದ.

ರಾತ್ರಿ ನವಲಗುಂದದಲ್ಲಿ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮಲಗಿದೆವು. ಮಾಲೀಕರನ್ನು ಕೇಳಿದಾಗ, “ಊರು ಬಿಟ್ಟವರೇನ್ರಿ?” ಎಂದಷ್ಟೇ ಅಂದು ನೀರಿನ ಕೊಡ ತರಿಸಿಕೊಟ್ಟರು. ಮರುದಿನ ಮೂರಕ್ಕೇ ಎದ್ದು, ಹುಬ್ಬಳ್ಳಿ ಏಳುವ ಮೊದಲೇ ಚನ್ನಮ್ಮ ಸರ್ಕಲ್ ದಾಟಿದೆವು. ಮುಂದೆ ಹೆದ್ದಾರಿ. ಲಾರಿಗಳು ಹಾರ್ನ್ ಹೊಡೆದು ಹಾರಿಹೋಗುತ್ತಿದ್ದವು. ಶಿಗ್ಗಾಂವಿಯ ಹತ್ತಿರ ನೆಲದ ಬಣ್ಣ ಬದಲಾಯಿತು. ಕಪ್ಪು ಹೋಗಿ ಕೆಂಪು ಇಣುಕಿತು. ಅಣ್ಣ ಗಾಡಿ ನಿಲ್ಲಿಸಿ ಒಂದು ಹಿಡಿ ಮಣ್ಣು ತಿಕ್ಕಿ ನೋಡಿದ. “ಇಲ್ಲಿ ರಂಟೆ ಹಗುರ ಹೋಗತೈತಿ” ಅಂದ.

ಸಂಜೆಗೆ ಮುಟ್ಟಿದೆವು. ಐವತ್ತು ಲೀಟರಿಗೂ ಹೆಚ್ಚು ಡೀಸೆಲ್ ಕುಡಿದಿತ್ತು. ಅವ್ವ ಆಗಲೇ ಹೊಸ ಮನೆಯ ಮುಂದೆ ಮೂರು ಕಲ್ಲು ಇಟ್ಟು ಒಲೆ ಹೂಡಿದ್ದಳು. ಸರಪಳಿಯ ಕಥೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, “ಸರಪಳಿ ಎಲ್ಲಿ ಹಿಡೀತು? ಎತ್ತು ಹಿಡಿದ್ವು” ಅಂದಳು.

ಆ ರಾತ್ರಿ ನೋಟ್‌ಬುಕ್ಕಿನ ಎಡದ ಕಾಲಂನಲ್ಲಿ ಕೊನೆಯ ಸಾಲು ಬರೆದೆ: ‘ಸರಪಳಿ 1’.

ತಿಂಗಳೊಳಗೆ ನೋಂದಣಿ ಪುಸ್ತಕದಲ್ಲಿ ವಿಳಾಸ ಬದಲಾಯಿತು. ಕೆಎ-29ರ ಫಲಕ ಹೊತ್ತ ಟ್ರ್ಯಾಕ್ಟರ್ ಕೆಎ-27ರ ಊರಿನಲ್ಲಿ ಉಳತೊಡಗಿತು. ಅವ್ವ ಈಗಿಲ್ಲ. ಟ್ರ್ಯಾಕ್ಟರನ್ನೂ ಬದಲಿಸಿಯಾಯಿತು. ಅಂದು ಕಲ್ಲು ಇಟ್ಟ ಹುಡುಗ ಈಗ ಎರಡು ಮಕ್ಕಳ ತಂದೆ. ಟ್ರೇಲರ್ ಹೂಡುವಾಗಲೆಲ್ಲ ಮೊಳೆಗೆ ಕ್ಲಿಪ್ಪು ಹಾಕಿ, ಮೇಲೆ ಆ ಸರಪಳಿಯನ್ನೂ ಸುತ್ತುತ್ತಾನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮೂರಿನ ಮೋಟು ಗೋಡೆಗಳು ಕಾಣುತ್ತವೆ. ಒಮ್ಮೆ ಹೋಗಿ ಹಗೇವಿನ ಜಾಗ ಹುಡುಕಿದೆ. ಕೆಸರು ತುಂಬಿ ಎಲ್ಲ ಸಮನಾಗಿತ್ತು.

ಮಕ್ಕಳೇ, ಹೆದ್ದಾರಿಯಲ್ಲಿ ಹಾಸಿಗೆ, ಹಂಡೆ, ಕುಂಟಿ, ಕೂರಿಗೆ ಹೇರಿಕೊಂಡು ನಿಧಾನವಾಗಿ ಹೋಗುವ ಟ್ರ್ಯಾಕ್ಟರ್ ಕಂಡರೆ, ಹಾರ್ನ್ ಹೊಡೆಯಬೇಡಿ ಎಂದು ಅಪ್ಪನಿಗೆ ಹೇಳಿ. ಒಂದು ಮನೆ ಹೋಗುತ್ತಿರುತ್ತದೆ, ದಾರಿ ಬಿಡಿ.