ತೆಂಗಿನ ಮರದ ತಂತಿ

“ತಂತಿ ಬಂದಿದೆ” ಎಂಬ ಎರಡು ಮಾತಿಗೆ ಎದೆ ಝಲ್ಲೆನ್ನುತ್ತಿದ್ದ ಕಾಲವೊಂದಿತ್ತು. 2013ರ ಜುಲೈ ತಿಂಗಳಲ್ಲಿ ಸರ್ಕಾರ ಆ ಸೇವೆಯನ್ನೇ ನಿಲ್ಲಿಸಿತು. ಈಗಿನ ಮಕ್ಕಳಿಗೆ ತಂತಿಯೆಂದರೆ ಬಟ್ಟೆ ಒಣಹಾಕುವ ಸಾಧನವಷ್ಟೆ. ನಮ್ಮ ಮನೆಯಲ್ಲಿ ಮಾತ್ರ ಆ ಪದಕ್ಕೆ ಇನ್ನೊಂದು ಅರ್ಥ ಉಳಿದುಕೊಂಡಿದೆ. ಮರಕ್ಕೆ ಕಟ್ಟಿ, ಅದರ ಮೂಲಕ ಆಕಾಶದೊಡನೆ ಮಾತನಾಡುವ ತಂತಿ ಅದು. ನಾನೂ ನನ್ನ ಅಣ್ಣನೂ ಹವ್ಯಾಸಿ ರೇಡಿಯೊ ನಡೆಸುವವರು. ಜನ ‘ಹ್ಯಾಮ್’ ಎನ್ನುತ್ತಾರಲ್ಲ, ಆ ಪಂಗಡಕ್ಕೆ ಸೇರಿದವರು.

ಇದು ನಮ್ಮ ನಾಡಿಗೆ ಹೊಸ ಹುಚ್ಚೇನೂ ಅಲ್ಲ. ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದನ್ನಿಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಮನೆಯ ನಿಲಯಕ್ಕೆ. ನಾನು ಕೈಚೀಲದಲ್ಲಿ ಹಾಕಿಕೊಂಡು ಹೋಗುವ ಪೆಟ್ಟಿಗೆಯದು ಕೇವಲ 5 ವ್ಯಾಟ್. ಪರೀಕ್ಷೆ ಬರೆದು ಕೇಂದ್ರ ಸರ್ಕಾರದಿಂದ ಪರವಾನಗಿ ಪಡೆಯದೆ ಅದರ ಗುಂಡಿಯನ್ನು ಮುಟ್ಟುವಂತಿಲ್ಲ. ಪ್ರವಾಸದಲ್ಲಿ ಒಯ್ಯುವಾಗಲೂ ಪರವಾನಗಿಯ ನಿಬಂಧನೆಗಳನ್ನು ಓದಿಕೊಂಡೇ ಹೊರಡಬೇಕು.

ಎರಡು ವರ್ಷದ ಹಿಂದೆ ಅಣ್ಣನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಗಂಟೆಗಟ್ಟಲೆ ಹರಟುತ್ತಿದ್ದವನು ಈಗ ಬೆಂಗಳೂರಿನ ಬಹುಮಹಡಿ ಮನೆಯೊಂದರ ನಾಲ್ಕನೆಯ ಅಂತಸ್ತಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಮೊಬೈಲಿನಲ್ಲಿ ಬರೆದು ಕಳಿಸಬಹುದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಳಿಸುತ್ತಾನೆ. ಆದರೆ ಆ ಅಕ್ಷರಗಳು ಯಾರು ಒತ್ತಿದರೂ ಒಂದೇ. ಮೋರ್ಸ್ ಕೀಲಿಯ ಮೇಲೆ ಪ್ರತಿಯೊಬ್ಬರ ಕೈಗೂ ಅದರದೇ ನಡಿಗೆಯುಂಟು. ಅಣ್ಣನ ಉದ್ದ ಬಡಿತಗಳು ತುಸು ಎಳೆದಂತೆ ಇರುತ್ತವೆ, ಅವನು ಮಾತನಾಡುತ್ತಿದ್ದ ರೀತಿಯಲ್ಲೇ. ನನಗೆ ಈ ವಿದ್ಯೆ ಕಲಿಸಿದವನು ಅವನು. ದನಿ ಹೋದ ಮೇಲೂ ಅವನ ಮಾತು ಕೇಳುವ ದಾರಿ ನನಗೆ ಇದೊಂದೇ.

ಹೋದ ಕಾರ್ತಿಕದಲ್ಲಿ ಹಳೇಬೀಡಿನ ನಮ್ಮ ತೋಟವನ್ನು ಮಾರುವುದೆಂದು ಮನೆಮಂದಿ ನಿಶ್ಚಯಿಸಿದರು. ನೋಂದಣಿಗೆ ಹತ್ತು ದಿನ ಉಳಿದಿತ್ತು. ಅಣ್ಣ ಒಂದು ಚೀಟಿ ಬರೆದು ನನ್ನ ಮುಂದಿಟ್ಟ: “ನಾನು ಬರಲಾರೆ. ತೋಟದಿಂದ ಒಂದು ಸಲ ಕರೆ.”

ಕರೆಯುವುದು ಸುಲಭವಲ್ಲ. ಅವನಿರುವ ಕಟ್ಟಡದ ಸಂಘದವರು ಮಹಡಿಯ ಮೇಲೆ ಏರಿಯಲ್ ಕಟ್ಟಲು ಬಿಡರು. ಸಿಡಿಲನ್ನು ಕರೆತರುತ್ತದೆಂದು ಅವರ ಭಯ. ಬಾಲ್ಕನಿಯ ಅಂಚಿನಲ್ಲಿ ಕೂದಲೆಳೆಯಂತಹ ತಂತಿಯೊಂದನ್ನು ಎಳೆದುಕೊಂಡು ಅವನು ಕಾಲ ಹಾಕುತ್ತಾನೆ. ಸುತ್ತಲ ಮನೆಗಳ ದೀಪ, ಇನ್ವರ್ಟರುಗಳ ಗದ್ದಲವೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ನನ್ನ 5 ವ್ಯಾಟಿನಲ್ಲಿ ಒಂದಿಷ್ಟೂ ಪೋಲಾಗದ ತಂತಿಯನ್ನೇ ಆರಿಸಬೇಕಾಗಿತ್ತು.

ಹಳೇಬೀಡಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 175 ಕಿಲೋಮೀಟರು. ಕೇಳಲು ಹತ್ತಿರ, ರೇಡಿಯೊ ಲೆಕ್ಕದಲ್ಲಿ ಪೇಚಿನ ದೂರ. ನೆಲವನ್ನು ಹಿಡಿದು ಸಾಗುವ ಅಲೆ ಅಷ್ಟು ದೂರ ತಲುಪುವ ಮೊದಲೇ ಸೊರಗುತ್ತದೆ. ಆಕಾಶದತ್ತ ಓರೆಯಾಗಿ ಹೋದ ಅಲೆ ಅಯಾನುಮಂಡಲಕ್ಕೆ ತಾಗಿ ಮರಳುವುದೇನೋ ನಿಜ, ಆದರೆ ಬೆಂಗಳೂರನ್ನು ದಾಟಿ ಎಲ್ಲೋ ದೂರದೇಶದಲ್ಲಿ ಇಳಿಯುತ್ತದೆ. ನಮಗೆ ಬೇಕಾದದ್ದು ಬಹುಮಟ್ಟಿಗೆ ನೆತ್ತಿಯ ಮೇಲಕ್ಕೇ ಏರಿ, ಸುಮಾರು 300 ಕಿಲೋಮೀಟರು ಎತ್ತರದಿಂದ ಕಾರಂಜಿಯ ನೀರಿನಂತೆ ಸುತ್ತಲೂ ಬೀಳುವ ಅಲೆ. 7 ಮೆಗಾಹರ್ಟ್ಸ್ ಸುಮಾರಿನ ಅಲೆಗಳು ಹಗಲಿನಲ್ಲಿ ಹೀಗೆ ಮರಳುತ್ತವೆ. ರಾತ್ರಿ ಬೆಳೆದಂತೆ ಮೇಲಣ ಪದರ ತೆಳುವಾಗಿ, ನೆತ್ತಿಗೆ ಹೋದದ್ದು ಅದನ್ನು ಭೇದಿಸಿಕೊಂಡು ಹೊರಟುಹೋಗುತ್ತದೆ. ಆದುದರಿಂದ ಮಧ್ಯಾಹ್ನ ಮೂರು ಗಂಟೆಗೆಂದು ಗೊತ್ತುಮಾಡಿಕೊಂಡೆವು.

ಇಷ್ಟು ತಿಳಿದ ಮೇಲೆ ಏರಿಯಲಿನ ಆಯ್ಕೆ ತಾನಾಗಿಯೇ ಆಗುತ್ತದೆ. ಮೀನುಗಾಳದ ಕೋಲಿನಂತೆ ನೆಟ್ಟಗೆ ನಿಲ್ಲುವ ಏರಿಯಲ್ ಕೊಂಡೊಯ್ಯಲು ಹಗುರ, ಪರದೇಶಗಳಿಗೆ ಒಳ್ಳೆಯದು. ನೆತ್ತಿಯತ್ತ ಮಾತ್ರ ಅದು ಕುರುಡು. ಒಂದೇ ತುದಿಯಿಂದ ಶಕ್ತಿ ಊಡುವ ಅರ್ಧತರಂಗದ ತಂತಿ ಪ್ರವಾಸಿಗೆ ಬಲು ಅನುಕೂಲ, ಒಂದು ಕೊಂಬೆ ಸಿಕ್ಕರೆ ಸಾಕು. ಆದರೆ ಅದರ ತುದಿಯ ರೋಧ ಸಾವಿರಾರು ಓಮ್. 50 ಓಮಿನ ಪೆಟ್ಟಿಗೆಗೆ ಹೊಂದಿಸಲು ನಡುವೆ ಪರಿವರ್ತಕವಿಡಬೇಕು, ಅದು ತನ್ನ ಸುಂಕ ವಸೂಲುಮಾಡದೆ ಬಿಡದು. ನಾನು ನಡುವಿನಿಂದ ಊಡುವ ಹಳೆಯ ಡೈಪೋಲನ್ನೇ ಆರಿಸಿದೆ. 143ನ್ನು ಮೆಗಾಹರ್ಟ್ಸ್ ಅಂಕಿಯಿಂದ ಭಾಗಿಸಿದರೆ ಉದ್ದ ಮೀಟರುಗಳಲ್ಲಿ ಸಿಗುತ್ತದೆ, 7.03ಕ್ಕೆ 20 ಮೀಟರು ಚಿಲ್ಲರೆ, ಪ್ರತಿ ರೆಕ್ಕೆಗೆ ಹತ್ತು ಮೀಟರಿಗಿಂತ ತುಸು ಹೆಚ್ಚು. ಪ್ಲಾಸ್ಟಿಕ್ ಹೊದಿಕೆಯ ತೆಳು ತಾಮ್ರದ ತಂತಿಯಾದರೆ ಇನ್ನೂ ಸ್ವಲ್ಪ ಕಡಿಮೆ ಸಾಕು. ನಾನು ಹತ್ತೂವರೆ ಮೀಟರಿಗೆ ಕತ್ತರಿಸಿ, ಹೆಚ್ಚಾದದ್ದನ್ನು ತುದಿಯಲ್ಲಿ ಹಿಂದಕ್ಕೆ ಮಡಚಿ ಸುತ್ತುತ್ತೇನೆ. ಕತ್ತರಿಸಿ ಎಸೆದದ್ದು ಮತ್ತೆ ಬೆಳೆಯುವುದಿಲ್ಲವಷ್ಟೆ.

ಊರಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಪುಷ್ಪಗಿರಿಯ ಬೆಟ್ಟ ಹತ್ತಿದರೆ ಚೆನ್ನಾಗಿ ಕೇಳಿಸೀತೆಂದು ಒಬ್ಬರು ಹೇಳಿದರು. ನೇರವಾಗಿ ನೆತ್ತಿಗೆ ಕಳಿಸುವವರಿಗೆ ಬೆಟ್ಟವೂ ಒಂದೇ, ಬಯಲೂ ಒಂದೇ. ಹೊಯ್ಸಳೇಶ್ವರನ ಗುಡಿಯಂಗಳದ ಮರಗಳೇ ಪ್ರಶಸ್ತವೆಂದ ಇನ್ನೊಬ್ಬರಿಗೆ ಕೈಮುಗಿದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಮಾರಕದ ಆವರಣದಲ್ಲಿ ಹಗ್ಗ ಎಸೆಯುವ ಉದ್ಧಟತನ ನನಗಿಲ್ಲ. ಅಲ್ಲದೆ ಅಣ್ಣ ಕೇಳಿದ್ದು ತೋಟವನ್ನು.

ತೆಂಗಿನ ಮರ ಏರಿಯಲಿಗೆ ಒಳ್ಳೆಯ ಕಂಬ, ಕೆಟ್ಟ ಕೊಂಬೆ. ದಾರಕ್ಕೆ ಕಲ್ಲು ಕಟ್ಟಿ ಎಸೆದರೆ ಗರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಕಾಯಿ ತಲೆಯ ಮೇಲೆ ಬೀಳುತ್ತದೆ. ಕಾಯಿ ಕೀಳುವವನನ್ನು ಕರೆಸಿ, ಪುಟ್ಟ ರಾಟೆಯೊಂದನ್ನು ಏಳು ಮೀಟರು ಎತ್ತರದಲ್ಲಿ ಕಟ್ಟಲು ಹೇಳಿದೆ. ಕಾಲು ತರಂಗಕ್ಕಿಂತ, ಎಂದರೆ ಹತ್ತು ಮೀಟರಿಗಿಂತ, ತಗ್ಗಿನಲ್ಲಿದ್ದರೆ ಅಲೆ ಮೇಲ್ಮುಖವಾಗಿಯೇ ಹೊರಡುತ್ತದೆ. ಅವನಿಗೆ ನಗು ತಡೆಯಲಾಗಲಿಲ್ಲ.

“ಅರ್ಧ ಮರ ಹತ್ತಕ್ಕೆ ಎಷ್ಟು ಕೊಡ್ತೀರಮ್ಮೋರೆ?”

“ಪೂರ್ತಿ ಕೂಲಿ ಕೊಡ್ತೀನಪ್ಪ, ಹತ್ತು.”

ರಾಟೆ ಏಕೆಂದರೆ, ಗುಡುಗು ಕೇಳಿಸಿದೊಡನೆ ತಂತಿಯನ್ನು ನೆಲಕ್ಕಿಳಿಸಲು ಮತ್ತೆ ಮರ ಹತ್ತಬೇಕಾಗಿಲ್ಲ. ತಂತಿಯ ನಡುವನ್ನು ರಾಟೆಯ ಹಗ್ಗದಿಂದ ಮೇಲೆಳೆದು, ಎರಡು ರೆಕ್ಕೆಗಳನ್ನು ಗುಡಿಸಲ ಮಾಡಿನಂತೆ ಇಳಿಬಿಟ್ಟು, ನೈಲಾನ್ ದಾರದಿಂದ ಬೇಲಿಯ ಕಲ್ಲುಕಂಬಗಳಿಗೆ ಬಿಗಿದೆ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜು ಹೆಚ್ಚು. ಮಕ್ಕಳಿಗೂ ದನಕ್ಕೂ ನಿಲುಕದಷ್ಟು ಎತ್ತರದಲ್ಲಿರಬೇಕು. ತೋಟದ ಪಡುವಣ ಅಂಚಿನಲ್ಲಿ ವಿದ್ಯುತ್ ಮಾರ್ಗ ಹಾದುಹೋಗಿದೆ. ತಂತಿ ಕಿತ್ತು ಹಾರಿದರೂ ಅದನ್ನು ಮುಟ್ಟದಷ್ಟು ದೂರದಲ್ಲಿ, ಮೂಡಣ ದಿಕ್ಕಿನಲ್ಲೇ ಎಲ್ಲವನ್ನೂ ಮುಗಿಸಿದೆ. ಈ ಒಂದು ವಿಷಯದಲ್ಲಿ ಅವಸರ ಮಾಡಿದವರು ಎರಡನೆಯ ಸಲ ಮಾಡಲು ಉಳಿಯುವುದಿಲ್ಲ. ತುದಿಗಳನ್ನು ಎರಡು ಸಲ ಇಳಿಸಿ, ಬೆರಳಷ್ಟು ಹೆಚ್ಚು ಮಡಚಿದ ಮೇಲೆ ಮಾಪಕ 1.3ಕ್ಕೆ ಬಂದು ನಿಂತಿತು. ಹಿಂದಿರುಗಿ ಬರುವ ಶಕ್ತಿ ನೂರಕ್ಕೆ ಎರಡು ಪಾಲೂ ಇಲ್ಲವೆಂದು ಅದರ ಅರ್ಥ.

ಮೂರು ಗಂಟೆಗೆ ಜಗುಲಿಯ ಮೇಲೆ ಕುಳಿತು ಕರೆದೆ. ಬರಿಯ ಮರಳು ಸುರಿದಂತಹ ಸದ್ದು. ಮತ್ತೆ ಕರೆದೆ. ಐದು ನಿಮಿಷ, ಹತ್ತು ನಿಮಿಷ. ಕಾಯಿ ಕೀಳುವವನು ಕೂಲಿ ಎಣಿಸಿಕೊಂಡೂ ಹೋಗದೆ ಕಂಬಕ್ಕೊರಗಿ ನಿಂತಿದ್ದ. ಹದಿನಾಲ್ಕನೆಯ ನಿಮಿಷಕ್ಕೆ ಆ ಮರಳಿನ ಅಡಿಯಿಂದ ಎಳೆದೆಳೆದು ಬಡಿಯುವ ಉದ್ದ ಸ್ವರಗಳು ಕೇಳಿದವು. ಅಣ್ಣನ ಕೈ. ಐದು, ಐದು, ಒಂಬತ್ತು ಎಂದು ನನ್ನ ಸಂಕೇತದ ಬಲವನ್ನು ತಿಳಿಸಿದ. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಕೆರೆ ತುಂಬಿದೆಯಾ?

ತುಂಬಿದೆ ಎಂದೆ.

ಕೋಡಿ?

ಬಿದ್ದಿಲ್ಲ, ಇನ್ನೊಂದು ಮೊಳ.

ಯಾವ ಮರಕ್ಕೆ ಕಟ್ಟಿದೆ?

ಬಾವಿಯ ಪಕ್ಕದ್ದು, ನೀನು ನೆಟ್ಟದ್ದು ಎಂದು ಒತ್ತಿದೆ. ಬಹಳ ಹೊತ್ತು ಮರಳಿನ ಸದ್ದೊಂದೇ ಇತ್ತು. ಆಕಾಶದ ಪದರ ಕೈಕೊಟ್ಟಿತೆಂದುಕೊಂಡು ಗುಂಡಿ ತಿರುಗಿಸಲು ಹೋದೆ. ಆಗ ಬಂತು, ಇನ್ನೂ ನಿಧಾನವಾಗಿ: ಇಳಿಸಬೇಡ. ನಾಳೆಯೂ ಮೂರಕ್ಕೆ.

ಊರಿಗೆ ಹಿಂದಿರುಗಲು ಅಂದು ಸಂಜೆಯ ಬಸ್ಸಿಗೆ ಚೀಟಿ ಕಾಯ್ದಿರಿಸಿದ್ದೆ. ಬ್ಯಾಟರಿಯನ್ನು ಅಡಿಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ, ರಾಟೆಯ ಹಗ್ಗವನ್ನು ಮರದ ಬುಡಕ್ಕೆ ಭದ್ರವಾಗಿ ಸುತ್ತಿ, ರಾತ್ರಿಯ ಊಟಕ್ಕೆ ಅಕ್ಕಿ ತರಲು ಪೇಟೆಗೆ ಹೊರಟೆ.