ಒಂಟಿ ತಲೆಯ ಗಂಡಭೇರುಂಡ

ನಮ್ಮ ಮನೆಯಲ್ಲಿ ನನ್ನ ಕೈಗೆ ಯಾರೂ ಕತ್ತರಿ ಕೊಡುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದಕ್ಕೂ ಮಗಳೇ ಬರಬೇಕು. ಸೂಲಿಬೆಲೆಯಲ್ಲಿ ನಾನು ಎಂಟನೇ ಕ್ಲಾಸು ಓದುತ್ತಿದ್ದಾಗ ನಡೆದ ಒಂದು ಘನಕಾರ್ಯ ಇದಕ್ಕೆಲ್ಲ ಕಾರಣ. ನೆಂಟರು ಬಂದಾಗಲೆಲ್ಲ ಅಮ್ಮ ಅದನ್ನು ಹೇಳುತ್ತಾಳೆ, ಪ್ರತಿ ಸಲವೂ ಉಪ್ಪುಖಾರ ಒಂದು ಹಿಡಿ ಜಾಸ್ತಿಯಾಗುತ್ತದೆ. ನಾನೇ ಹೇಳಿಬಿಟ್ಟರೆ ಮಾನ ಸ್ವಲ್ಪವಾದರೂ ಉಳಿದೀತು ಎಂಬ ಆಸೆ.

ರಾಜ್ಯೋತ್ಸವ ಹತ್ತಿರ ಬಂದಿತ್ತು. ಡ್ರಾಯಿಂಗ್ ಮೇಷ್ಟ್ರು ಒಂದು ಗ್ಲೇಜ್ ಪೇಪರನ್ನು ಎರಡಾಗಿ ಮಡಿಸಿ, ಮಡಿಕೆಯ ಅಂಚಿನಲ್ಲಿ ಅರ್ಧ ದೀಪ ಬರೆದು, ಕತ್ತರಿಯನ್ನು ಸುತ್ತಾಡಿಸಿ ಬಿಡಿಸಿ ಹಿಡಿದರು. ಇಡೀ ದೀಪ! ಹೂವೋ, ದೀಪವೋ, ಚಿಟ್ಟೆಯೋ ನಿಮಗೆ ಬಂದದ್ದನ್ನು ಹೀಗೆ ಕತ್ತರಿಸಿ ಕಪ್ಪು ಹಾಳೆಗೆ ಅಂಟಿಸಿ ತನ್ನಿ, ಚೆನ್ನಾಗಿದ್ದರೆ ಸ್ಟೇಜಿನ ಹಿಂದಿನ ಪರದೆಗೆ ಹಾಕೋಣ ಎಂದರು. ಅವರು ಮಡಿಕೆ ತೋರಿಸುತ್ತಿದ್ದಾಗ ನಾನು ನೋಡುತ್ತಿರಲಿಲ್ಲ. ಪಕ್ಕದವನ ಕಿವಿಯಲ್ಲಿ ‘ದೀಪ ಯಾವನು ಬೇಕಾದ್ರೂ ಮಾಡ್ತಾನೆ ಬಿಡ್ಲಾ’ ಎನ್ನುತ್ತಿದ್ದೆ. ಅಷ್ಟು ಸಾಲದೆಂದು ಎದ್ದು ನಿಂತು, ‘ಸಾರ್, ನಾನು ಗಂಡಭೇರುಂಡ ಮಾಡ್ಕೊಂಡು ಬರ್ತೀನಿ. ಕೆಳಗೆ ಹೆಸರೂ ಕತ್ತರಿಸ್ತೀನಿ’ ಎಂದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ‘ಮಡಿಕೆ ನೋಡ್ಕೊಂಡು ಕತ್ತರಿಸು ಕಣಪ್ಪ’ ಎಂದಷ್ಟೇ ಹೇಳಿದರು.

ಆಯ್ಕೆಯೇನೋ ಕೆಟ್ಟದ್ದಲ್ಲ. ಮಡಿಸಿ ಕತ್ತರಿಸುವವನಿಗೆಂದೇ ಹುಟ್ಟಿದ ಹಕ್ಕಿ ಅದು. ಒಂದು ತಲೆ, ಒಂದು ರೆಕ್ಕೆ, ಒಂದು ಕಾಲು ಬರೆದರೆ ಉಳಿದರ್ಧವನ್ನು ಕಾಗದವೇ ಕೊಡುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದು ಮನುಷ್ಯನ ಮೈ ಹೊತ್ತು ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿದೆ, ಮೈಸೂರು ಅರಸರ ಲಾಂಛನವಾಗಿತ್ತು, ಈಗ ರಾಜ್ಯದ ಲಾಂಛನದಲ್ಲಿದೆ. ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸರ್ಕಾರಿ ಬಸ್ಸಿನ ಮೈಮೇಲಿನ ಗಂಡಭೇರುಂಡ, ಅದೂ ಧೂಳು ಹಿಡಿದದ್ದು.

ಚಿತ್ರ ಇಳಿಸಿಕೊಳ್ಳಲು ಟ್ರೇಸಿಂಗ್ ಪೇಪರ್ ಬೇಕಿತ್ತು. ಅದಕ್ಕೆ ದುಡ್ಡು ಕೇಳಿದರೆ ಬೈಗುಳ ಗ್ಯಾರಂಟಿ. ನಮ್ಮ ಕಡೆ ಆಗ ರೇಷ್ಮೆ ಇಲ್ಲದ ಮನೆ ಕಡಿಮೆ, ಗೂಡು ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೋಗುತ್ತಿತ್ತು. ನಮ್ಮ ಹುಳದ ಮನೆಯಲ್ಲಿ ಚಾಕಿ ಹುಳದ, ಅಂದರೆ ಎಳೆಯ ಹುಳದ, ತಟ್ಟೆಗಳ ಮೇಲೆ ಅಮ್ಮ ಪ್ಯಾರಾಫಿನ್ ಕಾಗದ ಹೊದಿಸಿದ್ದಳು. ಮೇಣ ಹಚ್ಚಿದ ಆ ಕಾಗದ ಇದ್ದರೆ ಎಳೆ ಸೊಪ್ಪು ಬೇಗ ಬಾಡುವುದಿಲ್ಲ. ಕಾಗದ ಅರೆಪಾರದರ್ಶಕ, ಕೆಳಗಿನ ಗೆರೆ ಮಸುಕಾಗಿ ಕಾಣುತ್ತದೆ. ಟ್ರೇಸಿಂಗ್‌ಗೆ ಇನ್ನೇನು ಬೇಕು? ಅಮ್ಮ ಸೊಪ್ಪಿಗೆ ಹೋದ ಹೊತ್ತು ನೋಡಿ ಎರಡು ತಟ್ಟೆಯ ಕಾಗದ ಎತ್ತಿಕೊಂಡೆ. ಕತ್ತರಿ ಚಿಕ್ಕಪ್ಪನ ಟೈಲರಿಂಗ್ ಅಂಗಡಿಯದು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ ಎಂದು ಅವನು ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಹಾಗಾಗಿ ಅದನ್ನೂ ಕೇಳದೆಯೇ ತಂದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತೆ. ಕೆಂಪು ಗ್ಲೇಜ್ ಪೇಪರ್ ಮಡಿಸಿ, ಪ್ಯಾರಾಫಿನ್ ಕಾಗದದ ಚಿತ್ರವನ್ನು ಅದರ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಉಜ್ಜಿದೆ. ರೆಕ್ಕೆಯ ಒಂದೊಂದು ಗರಿಗೂ ಹಲ್ಲು ಬಿಡಿಸಿದೆ. ಕೊಕ್ಕಿನ ಹತ್ತಿರ ಉಸಿರು ಬಿಗಿಹಿಡಿದು ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸುತ್ತ ಹೋದೆ. ಈ ಒಂದು ವಿದ್ಯೆ ಮಾತ್ರ ಯಾರೂ ಹೇಳಿಕೊಡದೆ ಬಂದಿತ್ತು. ಕತ್ತರಿಸಿ ಮುಗಿಯಿತು. ಬಿಡಿಸಲು ಹೋದರೆ ಬಿಡಿಸುವುದಕ್ಕೇನೂ ಇರಲಿಲ್ಲ. ಒಂದು ಹಕ್ಕಿ ಈ ತೊಡೆಯ ಮೇಲೆ ಬಿತ್ತು, ಇನ್ನೊಂದು ಆ ತೊಡೆಯ ಮೇಲೆ. ಹೊಟ್ಟೆಯ ಗೆರೆಯನ್ನು ಮಡಿಕೆಯ ಕಡೆ ಇಡುವ ಬದಲು ಬಿಚ್ಚಿದ ಅಂಚಿನ ಕಡೆ ಇಟ್ಟಿದ್ದೆ. ಒಂದೊಂದು ತಲೆಯ, ಅರ್ಧರ್ಧ ಹೊಟ್ಟೆಯ ಎರಡು ಹಕ್ಕಿಗಳು ನನ್ನನ್ನೇ ನೋಡುತ್ತಿದ್ದವು.

ಆಗಲಾದರೂ ಇನ್ನೊಂದು ಹಾಳೆ ತೆಗೆದುಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಳೆ ಇತ್ತು ಕೂಡ. ಆದರೆ ಅಷ್ಟು ಗರಿ ಬಿಡಿಸಿದ ಕೈ, ತನ್ನ ಕೆಲಸ ಹಾಳಾಯಿತೆಂದು ಒಪ್ಪಲಿಲ್ಲ. ಗಂಜಿ ಹಚ್ಚಿ ಎರಡನ್ನೂ ಕೂಡಿಸಿದೆ, ಕೂಡಿದ ಗೆರೆ ಕಾಣದಿರಲೆಂದು ಹೊಟ್ಟೆಯ ಮೇಲೆ ಹಳದಿ ಪಟ್ಟಿಯೊಂದನ್ನು ಅಂಟಿಸಿದೆ. ಕನ್ನಡ ಬಾವುಟದ ಬಣ್ಣವೂ ಆಯಿತು, ತೇಪೆಯೂ ಮುಚ್ಚಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಹೆಸರಿನ ಸರದಿ. ಅಕ್ಷರಗಳನ್ನು ಒಂದೇ ಪಟ್ಟಿಯಂತೆ ತಲೆಗೆ ತಲೆ ತಾಗಿಸಿ ಕತ್ತರಿಸಿದೆ. ಅನುಸ್ವಾರ ಯಾವ ಅಕ್ಷರಕ್ಕೂ ತಾಗಿಕೊಂಡಿರುವುದಿಲ್ಲ ಎಂಬುದು ಹೊಳೆದದ್ದು ಎರಡೂ ಸೊನ್ನೆಗಳು ಚಾಪೆಯ ಸಂದಿಗೆ ಬಿದ್ದುಹೋದ ಮೇಲೆ. ಭಕಾರದ ಕಾಲಡಿಯ ಗೀಟನ್ನೂ ಕತ್ತರಿ ತಿಂದಿತ್ತು. ನಿದ್ದೆಗಣ್ಣಿನಲ್ಲಿ ಅದನ್ನೇ ಅಂಟಿಸಿ ಮಲಗಿದೆ.

ಮರುದಿನ ಮೇಷ್ಟ್ರು ಹಾಳೆಯನ್ನು ಕೈಗೆತ್ತಿಕೊಂಡು, ದೊಡ್ಡ ದನಿಯಲ್ಲಿ ಓದಿದರು: ‘ಗಡಬೇರುಡ’.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಹಕ್ಕಿಯ ಎಡಭಾಗ ಮೆಲ್ಲಗೆ ಮೇಲೆದ್ದು ತೂಗಾಡತೊಡಗಿತು. ಪ್ಯಾರಾಫಿನ್ ಕಾಗದ ಇಟ್ಟು ಉಜ್ಜಿದ್ದೆನಲ್ಲ, ಗ್ಲೇಜ್ ಪೇಪರಿನ ಮೇಲೆಲ್ಲ ಮೇಣ ಕೂತಿತ್ತು. ಮೇಣದ ಮೇಲೆ ಗಂಜಿ ಎಷ್ಟು ಹೊತ್ತು ಹಿಡಿದೀತು? ಹಳದಿ ಪಟ್ಟಿ ಕಳಚಿತು, ಒಂದು ಹಕ್ಕಿ ನೆಲಕ್ಕೆ ಬಿತ್ತು. ‘ಇದೇನಪ್ಪಾ?’ ಎಂದರು ಮೇಷ್ಟ್ರು. ನನ್ನ ಬಾಯಿಂದ ಬಂದದ್ದು, ‘ಇಲಿ ಕಡಿದುಬಿಡ್ತು ಸಾರ್.’ ಅವರು ನೆಲದ ಹಕ್ಕಿಯನ್ನು ಎತ್ತಿ ಅದರ ನೆಟ್ಟನೆಯ ಹೊಟ್ಟೆಯ ಮೇಲೆ ಬೆರಳಾಡಿಸಿದರು. ‘ಇಷ್ಟು ನೇರವಾಗಿ ಕಡಿಯೋ ಇಲಿ ಇದ್ರೆ ನಾಳೆ ಕರ್ಕೊಂಡು ಬಾ. ಅದಕ್ಕೆ ಮಾರ್ಕ್ಸ್ ಕೊಡೋಣ.’

ಹೊಡೆದಿದ್ದರೆ ವಾಸಿಯಿತ್ತು. ಮನೆಗೆ ಬಂದರೆ ಎರಡು ತಟ್ಟೆಯ ಸೊಪ್ಪು ಒಣಗಿ ಗರಿಗರಿಯಾಗಿತ್ತು. ‘ಹುಳ ಇನ್ನೂ ಎರಡನೇ ಜ್ವರಕ್ಕೆ ಕೂತಿಲ್ಲ, ಹೊದಿಸಿದ್ದ ಕಾಗದ ಎಲ್ಲಿ ಹೋಯ್ತು?’ ಎಂದು ಅಮ್ಮ ಇಡೀ ಬೀದಿಗೆ ಕೇಳುವಂತೆ ಹುಡುಕುತ್ತಿದ್ದಳು (ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ). ಅಲ್ಲಿ ಇಲಿಯ ಮೇಲೆ ಹಾಕುವ ಧೈರ್ಯ ಬರಲಿಲ್ಲ. ಚಿಕ್ಕಪ್ಪ ಕತ್ತರಿಯನ್ನು ಸಾಣೆಗೆ ಕೊಟ್ಟ ದುಡ್ಡಿನ ಲೆಕ್ಕವನ್ನು ನನ್ನ ಮದುವೆಯ ತನಕ ಹೇಳುತ್ತಿದ್ದ. ‘ಗಡಬೇರುಡ’ ಅಡ್ಡಹೆಸರಾಗಿ ಅಂಟಿಕೊಂಡಿತು, ಇವತ್ತಿಗೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯರು ಸಿಕ್ಕರೆ ಅದೇ ಹೆಸರು. ಗಂಜಿ ಹಿಡಿಯದಿದ್ದರೂ ಅದು ಚೆನ್ನಾಗಿ ಹಿಡಿಯಿತು.

ಸ್ಟೇಜಿನ ಪರದೆಗೆ ಹೋದದ್ದು ಪಕ್ಕದವನ ದೀಪ. ನಾನು ಯಾವನು ಬೇಕಾದರೂ ಮಾಡುತ್ತಾನೆ ಎಂದಿದ್ದೆನಲ್ಲ, ಅದೇ ದೀಪ. ಬಹಳ ದಿನ ಅವನ ಮೇಲೆ ಹೊಟ್ಟೆಯುರಿ ಇತ್ತು. ಕ್ಲಾಸಿನ ನಗುವನ್ನು ಮರೆತೆ, ಇಲಿಯ ಸುಳ್ಳನ್ನೂ ಮರೆತೆ, ಆ ದೀಪವನ್ನು ಮಾತ್ರ ಮರೆಯಲಾಗಲಿಲ್ಲ. ಏಕೆಂದರೆ ಅದು ನಿಜಕ್ಕೂ ಚೆನ್ನಾಗಿತ್ತು.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲು ಗೊಂಬೆಗಳ ಮುಂದೆ ನಿಂತಿದ್ದೆ. ಚರ್ಮದಲ್ಲಿ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳು. ಬೆಳಕು ಹಾದಾಗ ಅವೇ ಸರ, ಅವೇ ಕಿರೀಟ. ಹತ್ತಿರದಿಂದ ನೋಡಿದರೆ ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಚರ್ಮ ಬಿಟ್ಟಿರುತ್ತಾರೆ. ಆ ಎಳೆ ಹರಿದರೆ ಮಣಿಗಳೆಲ್ಲ ಸೇರಿ ಒಂದೇ ಕಂಡಿ. ಮಥುರಾ, ವೃಂದಾವನದ ಸಾಂಝಿ ಕಲೆಯ ಕಾಗದದ ಅಚ್ಚುಗಳಲ್ಲೂ ಇದೇ ಲೆಕ್ಕ. ಕತ್ತರಿಸುವವರ ಕಣ್ಣು ಕತ್ತರಿಸದೆ ಬಿಡುವ ಜಾಗದ ಮೇಲಿರುತ್ತದೆ. ಫ್ರಾನ್ಸಿನ ಕಲಾವಿದ ಮಾತಿಸ್ 1941ರ ದೊಡ್ಡ ಆಪರೇಷನ್ನಿನ ಮೇಲೆ ನಿಂತು ಬಣ್ಣ ಹಾಕಲಾಗದೆ, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಸತೊಡಗಿದ. 1947ರಲ್ಲಿ ಬಂದ ಅವನ ‘ಜಾಝ್’ ಪುಸ್ತಕದ ಚಿತ್ರಗಳು ಅಂಥ ಕತ್ತರಿಕೆಲಸದವೇ. ತುಂಡುಗಳನ್ನು ಗೋಡೆಗೆ ಪಿನ್ನಿನಲ್ಲಿ ಸಿಕ್ಕಿಸಿ, ಆಚೆ ಈಚೆ ಸರಿಸಿ ನೋಡುತ್ತಿದ್ದನಂತೆ. ಅಷ್ಟು ದೊಡ್ಡ ಕಲಾವಿದನಿಗೆ ಅಂಟಿಸುವ ಆತುರ ಇರಲಿಲ್ಲ. ನನಗೆ ಗಂಜಿ ಆರುವಷ್ಟೂ ಪುರಸೊತ್ತಿರಲಿಲ್ಲ. ನನಗೆ ಬೇಕಿದ್ದದ್ದು ಹಕ್ಕಿಯಲ್ಲ, ಪರದೆಯ ಮೇಲಿನ ಜಾಗ. ಅದು ಅರ್ಥವಾಗಲು ನನ್ನ ತಲೆಗೂದಲು ನರೆಯಬೇಕಾಯಿತು.

ಕಳೆದ ಅಕ್ಟೋಬರಿನಲ್ಲಿ ಮಗಳಿಗೂ ಸ್ಕೂಲಿನಲ್ಲಿ ಪೇಪರ್ ಕಟಿಂಗ್ ಮಾಡಿ ತರಲು ಹೇಳಿದ್ದರು. ಸ್ಟೇಷನರಿ ಅಂಗಡಿಯಲ್ಲಿ ಮಿಷಿನ್ನಿನಲ್ಲಿ ಕತ್ತರಿಸಿದ ಗಂಡಭೇರುಂಡ ಸಿಗುತ್ತದೆ, ಗರಿ ಒಂದೂ ತಪ್ಪಿಲ್ಲ, ಅಂಟೂ ಹಿಂದೆಯೇ ಇದೆ. ನನ್ನ ಕೈ ಜೇಬಿಗೆ ಹೋಗಿತ್ತು. ಅವಳೇ ಬೇಡವೆಂದು ಬಣ್ಣದ ಕಾಗದ ಕೊಂಡಳು. ಮನೆಯಲ್ಲಿ ಕೂತು ಚಿಟ್ಟೆಯೊಂದನ್ನು ಕತ್ತರಿಸಿದಳು, ಒಂದು ಮೀಸೆ ಹರಿದುಹೋಯಿತು, ಹಾಗೇ ತೆಗೆದುಕೊಂಡು ಹೋದಳು. ಈ ಸಲ ನಿಮ್ಮ ಮಕ್ಕಳಿಗೂ ಇಂಥ ಕೆಲಸ ಕೊಟ್ಟರೆ ರೆಡಿಮೇಡ್ ಕೊಡಿಸಬೇಡಿ. ನಾಲ್ಕು ಹಾಳೆ ಹೆಚ್ಚಿಗೆ ಕೊಡಿಸಿ. ಮತ್ತೆ, ಟೈಲರಿಂಗ್ ಕತ್ತರಿಯನ್ನು ಮೇಲೆತ್ತಿಡಿ.