ಎಲ್ಲರಿಗೂ ಕಾಣುವ ಲೆಕ್ಕ

ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನು ಮೊದಲೆಲ್ಲ ನಾವು ಮುಟ್ಟಾಳೆ ಮಾಡಲಿಕ್ಕೆ, ಬಚ್ಚಲ ಒಲೆಗೆ ಹಾಕಲಿಕ್ಕೆ ಹೆಕ್ಕುತ್ತಿದ್ದೆವು. ಎರಡು ವರ್ಷದ ಹಿಂದೆ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು ಖಾಲಿ ಬಿದ್ದಿದ್ದ ಒಂದು ಹಟ್ಟಿಯಲ್ಲಿ ಮೆಷಿನು ಇಟ್ಟು ಹಾಳೆ ತಟ್ಟೆ ಮಾಡಲು ಶುರು ಮಾಡಿದರು. ಅವರು ಅದನ್ನು ಸ್ಟಾರ್ಟಪ್ ಎನ್ನುತ್ತಾರೆ. ನನ್ನ ಅಮ್ಮ ಇದ್ದಿದ್ದರೆ ಕಸುಬು ಎನ್ನುತ್ತಿದ್ದಳು.

ಮೊದಲ ವರ್ಷ ಜಗಳವೇ ಜಗಳ. ಹಾಳೆ ಕೊಟ್ಟ ಮನೆಯವರು ಇನ್ನೂರು ಎನ್ನುವುದು, ಇವರ ಪುಸ್ತಕದಲ್ಲಿ ನೂರೈವತ್ತು ಇರುವುದು. ಮಳೆಗೆ ನೆನೆದು ಬೂಸ್ಟು ಹಿಡಿದ ಹಾಳೆ ಬಿಸಾಡಿದ್ದನ್ನು ಬರೆದವರಿಲ್ಲ. ಕಡೆಗೆ ಮೂವರಲ್ಲಿ ಒಬ್ಬ ಹುಡುಗಿ ಎಲ್ಲ ಲೆಕ್ಕವನ್ನೂ ಗೂಗಲ್ ಶೀಟಿಗೆ ಹಾಕಿದಳು. ಯಾವ ಮನೆ, ಯಾವ ದಿನ, ಎಷ್ಟು ಹಾಳೆ, ಎಷ್ಟು ಹಾಳಾಯಿತು, ಎಷ್ಟು ತಟ್ಟೆ ಆಯಿತು ಎಂಬುದು ಹಾಳೆ ಕೊಡುವವರ ಫೋನಿನಲ್ಲೂ ಕಾಣುವ ಹಾಗೆ. ಅಂಥ ಫೋನು ಇಲ್ಲದವರಿಗೆ ವಾರಕ್ಕೊಮ್ಮೆ ಹಟ್ಟಿಯ ಬಾಗಿಲಿಗೆ ಕಾಗದ ಅಂಟಿಸುತ್ತಾರೆ. ಕೂಡಿಸಿ ಕಳೆದು ನೋಡುವ ಕೆಲಸ ನನಗೆ ಬಂತು.

ಒಂದು ರಾತ್ರಿ ನನ್ನ ಬೆರಳು ಎಲ್ಲಿಗೆ ತಾಗಿತೋ, ಹಾಳೆಯ ಸಂಖ್ಯೆ ಇದ್ದ ಸಾಲು ಪೂರ್ತಿ ಮಾಯ. ಫೋನು ಆಫ್ ಮಾಡಿ ಮಲಗಿದೆ. ನಿದ್ದೆ ಬರಲಿಲ್ಲ. ಯಾರು ಮಾಡಿದ್ದೆಂದು ಯಾರಿಗೆ ಗೊತ್ತಾಗ್ತದೆ, ಸುಮ್ಮನಿದ್ದರಾಯಿತು ಎಂದೂ ಅನಿಸಿತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನಿಗೆ ಬಂದ ಬುದ್ಧಿ ನೋಡಿ!

ಬೆಳಿಗ್ಗೆ ಹಟ್ಟಿಗೆ ಹೋಗಿ ಹೇಳಿಯೇ ಬಿಟ್ಟೆ.

“ಹೆದರ್ಬೇಡಿ ಮಾಷ್ಟ್ರೆ, ಎಂತದೂ ಹೋಗ್ಲಿಲ್ಲ,” ಎಂದಳು ಹುಡುಗಿ. ಎಲ್ಲೋ ಒತ್ತಿದಳು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಅಲ್ಲಿ ಬರೆದಿಟ್ಟ ಹಾಗೆ ಉಂಟು. ನನ್ನ ಹೆಸರು, ಹಿಂದಿನ ರಾತ್ರಿಯ ಗಂಟೆ ಸಹಿತ. ಹಳೆಯ ಪ್ರತಿ ತಿರುಗಿ ಬಂತು. “ರಾತ್ರಿಯೇ ಕಂಡಿದ್ದೆ. ನೀವು ಹೇಳ್ತೀರಿ ಅಂತ ಸುಮ್ಮನಿದ್ದದ್ದು.”

ಇದರ ಹಿಂದಿನ ವಿಚಾರ ತೀರಾ ಹೊಸತಲ್ಲ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದವರು ಯಾರು ಬೇಕಾದರೂ ತಿದ್ದಬಹುದಾದ ಪುಟಗಳನ್ನು ಮಾಡಿ ವಿಕಿ ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ಬೇಗ ಎಂದು ಅರ್ಥ. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡದ್ದೂ ಶುರುವಾಯಿತು. ಹತ್ತು ಮಂದಿ ತಿದ್ದಿದರೂ ಪುಟ ಕೆಡದೆ ಉಳಿಯುವುದು, ಹಳೆಯ ಪ್ರತಿ ಅಳಿಯದೆ ಇರುವುದರಿಂದ. ಇನ್ನು ಸೇರಿ ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1973ರಲ್ಲಿ ಕರ್ನಾಟಕ, ಕೇರಳ ಎರಡೂ ಬದಿಯ ಅಡಿಕೆ ಬೆಳೆಗಾರರಿಗಾಗಿ ಕ್ಯಾಂಪ್ಕೊ ಕಟ್ಟಿದ ನಾಡು ನಮ್ಮದು.

ಮನೆಗೆ ಬಂದು ಕಪಾಟು ನೋಡಿದೆ. ಅದರಲ್ಲಿ ನನ್ನ ಗಣಿತದ ಟಿಪ್ಪಣಿ ಪುಸ್ತಕಗಳಿವೆ. ಒಮ್ಮೆ ಒಬ್ಬರು ಒಯ್ದದ್ದನ್ನು ವಾಪಸು ಕೊಡಲಿಲ್ಲವೆಂದು ಬೀಗ ಹಾಕಿದವ, ಮತ್ತೆ ತೆಗೆದು ಯಾರಿಗೂ ಕೊಟ್ಟವನಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕರ್ನಾಟಕದ ಗೈಡು ಹೊಂದುವುದಿಲ್ಲ, ಪಾಠವೇ ಬೇರೆ. ಮಲಯಾಳದ್ದು ಓದಲಿಕ್ಕೆ ಎಲ್ಲರಿಗೂ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಬೀಗ ಹಾಕಿ ಕೂತಿದ್ದೆ.

ಈಗ ನಾಲ್ಕು ಶಾಲೆಯ ಅಧ್ಯಾಪಕರು ಸೇರಿ ಅವನ್ನೆಲ್ಲ ಒಂದೇ ಕಡತದಲ್ಲಿ ಬರೆಯುತ್ತಿದ್ದೇವೆ. ಮೊನ್ನೆ ಹೊಸತಾಗಿ ಸೇರಿದ ಟೀಚರೊಬ್ಬರು ನನ್ನ ಬಡ್ಡಿ ಲೆಕ್ಕವೊಂದರ ಉತ್ತರ ತಪ್ಪು ಎಂದು ಬದಿಯಲ್ಲಿ ಬರೆದರು. ಮಾಡಿ ನೋಡಿದೆ. ತಪ್ಪೇ. ಅದೇ ತಪ್ಪು ಉತ್ತರವನ್ನು ಎಷ್ಟು ವರ್ಷದ ಮಕ್ಕಳಿಗೆ ಬರೆಸಿದ್ದೇನೋ! ಒಬ್ಬನೇ ಇಟ್ಟುಕೊಂಡ ಪುಸ್ತಕದಲ್ಲಿ ತಪ್ಪನ್ನು ತೋರಿಸುವವರೂ ಇರುವುದಿಲ್ಲ.

ಇಷ್ಟರವರೆಗೆ ಆದದ್ದನ್ನು ಅಚ್ಚು ಹಾಕಿ ನಮ್ಮ ವಾಚನಾಲಯದ ಮೇಜಿನ ಮೇಲೆ ಇಟ್ಟಿದೆ. ಜೊತೆಗೆ ಒಂದು ಪೆನ್ಸಿಲೂ ಉಂಟು. ತಪ್ಪು ಕಂಡರೆ ಬದಿಯಲ್ಲಿ ಬರೆದು ಹೋಗಿ.